ರೊಟ್ಟಿ ವ್ಯಾಪಾರಕ್ಕೊಂದು ವೆಬ್‌ಸೈಟ್: ಎಸ್ಟಿಮೇಟಿನ ಒಂದೊಂದೇ ಸಾಲು

ನಮ್ಮ ಎಸ್.ಎಸ್. ಬಡಾವಣೆಯಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಹೆಣ್ಣುಮಗಳು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಮಾರುತ್ತಾರೆ. ಬೆಂಗಳೂರಲ್ಲಿ ಕೆಲಸಕ್ಕಿರುವ ಹುಡುಗರು ಊರಿಗೆ ಬಂದಾಗಲೆಲ್ಲ ಕಟ್ಟಿಸಿಕೊಂಡು ಹೋಗುತ್ತಾರೆ. ಅಲ್ಲಿಂದಲೇ ಆರ್ಡರ್ ಕೊಡುವಂತೆ ಒಂದು ವೆಬ್‌ಸೈಟ್ ಮಾಡಿಸಿ ಎಂದು ಯಾರೋ ಸಲಹೆ ಕೊಟ್ಟರು, ಮಾಡಿಕೊಡುವವರು ಎಸ್ಟಿಮೇಟೂ ಕೊಟ್ಟರು. ಆ ಹಾಳೆ ಹಿಡಿದು ಆಕೆ ಒಂದು ಸಂಜೆ ನಮ್ಮ ಮನೆಗೆ ಬಂದರು.

“ಅಂಕಲ್, ನೀವು ಬ್ಯಾಂಕಿನಾಗೆ ಇದ್ದೋರು. ಇದರಾಗೆ ಏನು ಬರೆದಾರೆ ಸ್ವಲ್ಪ ನೋಡ್ರಿ. ನಾಳೆ ಅಡ್ವಾನ್ಸ್ ಕೊಡಬೇಕು.”

ಡೊಮೈನ್, ಹೋಸ್ಟಿಂಗ್, ಎಸ್‌ಎಸ್‌ಎಲ್, ರೆಸ್ಪಾನ್ಸಿವ್ ಡಿಸೈನ್, ಎಸ್‌ಇಒ... ಪ್ರತಿ ಸಾಲಿನ ಮುಂದೆ ಒಂದು ಮೊತ್ತ. ಕೂಡಿದ್ದು ಸರಿಯಾಗಿತ್ತು. ನನಗೆ ಗೊತ್ತಾಗಿದ್ದು ಅಷ್ಟೇ! ನಾನು ಬಿ.ಕಾಂ. ಓದುವಾಗ ಈ ಪದಗಳು ಹುಟ್ಟಿರಲೇ ಇಲ್ಲ. ಜಿನೀವಾದ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ವೆಬ್‌ನ ಯೋಜನೆ ಬರೆದುಕೊಟ್ಟಿದ್ದು 1989ರಲ್ಲಿ. ಆಗ ನಾನು ಕೌಂಟರಿನಲ್ಲಿ ದಪ್ಪ ಲೆಡ್ಜರಿನ ಹಾಳೆ ತಿರುವುತ್ತಿದ್ದೆ. ಒಂಬತ್ತನೇ ತರಗತಿಯ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಅವಳು ಪದ ಬಿಡಿಸಿ ಹೇಳುವುದು, ನಾನು ಬ್ಯಾಂಕಿನವನಂತೆ ಪ್ರಶ್ನೆ ಕೇಳುವುದು.

ಮೊದಲನೆಯದು ಡೊಮೈನ್, ಅಂದರೆ ವೆಬ್‌ಸೈಟಿನ ಹೆಸರು ಮತ್ತು ವಿಳಾಸ. ಇದನ್ನು ಶಾಶ್ವತವಾಗಿ ಕೊಂಡುಕೊಳ್ಳಲು ಬರುವುದಿಲ್ಲ. ‘ಡಾಟ್ ಕಾಮ್’ ಇರಲಿ, ನಮ್ಮ ದೇಶದ ‘ಡಾಟ್ ಇನ್’ ಇರಲಿ, ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು, ಆಮೇಲೆ ನವೀಕರಿಸುತ್ತಾ ಹೋಗಬೇಕು. ಗಡುವು ಮೀರಿ ಹಾಗೇ ಬಿಟ್ಟರೆ ಆ ಹೆಸರು ಕೊನೆಗೆ ಬೇರೆಯವರ ಪಾಲಾಗಬಹುದು.

“ಖಾತೆ ಯಾರ ಹೆಸರಿನಲ್ಲಿ?” ಎಂದು ಕೇಳಿದೆ. ಮೊಮ್ಮಗಳು ನನ್ನ ಮುಖ ನೋಡಿದಳು. ಎಸ್ಟಿಮೇಟಿನಲ್ಲಿ ಅದು ಇರಲಿಲ್ಲ. ಆಕೆ ಅಲ್ಲಿಂದಲೇ ಫೋನ್ ಮಾಡಿದರು. “ನಮ್ಮ ಹೆಸರಲ್ಲೇ ಮಾಡ್ತೀವಿ ಮೇಡಂ, ನಿಮಗೆ ತಲೆನೋವು ಬೇಡ” ಎಂಬ ಉತ್ತರ ಬಂತು.

ನನಗೆ ತಲೆನೋವು ಶುರುವಾಗಿದ್ದೇ ಆಗ. ಠೇವಣಿ ನಿಮ್ಮದು, ಪಾಸ್‌ಬುಕ್ಕು ಇನ್ನೊಬ್ಬರ ಹೆಸರಿನಲ್ಲಿ ಎಂದರೆ ಒಪ್ಪುತ್ತೀರಾ? ನೋಂದಣಿಯಲ್ಲಿ ಯಾರ ಹೆಸರಿದೆಯೋ ಹಕ್ಕು ಅವರದು. ನವೀಕರಣದ ನೆನಪೋಲೆ ಹೋಗುವುದೂ ಅಲ್ಲಿ ಕೊಟ್ಟ ಇ-ಮೇಲ್‌ಗೇ. ಐದು ವರ್ಷ ಡಬ್ಬಿಗಳ ಮೇಲೆ ಆ ಹೆಸರು ಅಚ್ಚು ಹಾಕಿಸಿದ ಮೇಲೆ ಮಾಡಿಕೊಟ್ಟವರು ಊರು ಬಿಟ್ಟರೆ, ಅಥವಾ ಮನಸ್ತಾಪವಾದರೆ? ಹೆಸರು, ಇ-ಮೇಲ್, ಪಾಸ್‌ವರ್ಡ್ ಮೂರೂ ಆಕೆಯದೇ ಆಗಿರಬೇಕೆಂದು ಹಾಳೆಯ ಹಿಂದೆ ಕೆಂಪು ಪೆನ್ನಿನಲ್ಲಿ ಬರೆದೆ.

ಈ ವಿಳಾಸವನ್ನು ಓದುವ ಕ್ರಮವೂ ತಿಳಿದಿರಲಿ. ಕಾಗದದ ಮೇಲೆ ಮನೆ ನಂಬರು, ಕ್ರಾಸು, ಬಡಾವಣೆ, ದಾವಣಗೆರೆ ಎಂದು ಬರೆದರೂ ಅಂಚೆಯವರು ಮೊದಲು ನೋಡುವುದು ಕೆಳಗಿನ ಊರು, ಪಿನ್ ಕೋಡು. ವೆಬ್ ವಿಳಾಸದಲ್ಲೂ ಒಂಟಿ ಓರೆಗೆರೆ ಬರುವವರೆಗಿನ ಭಾಗವನ್ನು ಹಿಂದಿನಿಂದ ಓದಬೇಕು. ರಿಸರ್ವ್ ಬ್ಯಾಂಕು ನಮ್ಮ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಲು ಹೇಳಿತು. ಆ ಹೆಸರುಗಳನ್ನು ನೋಂದಾಯಿಸಿಕೊಡುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಮಾತ್ರ, ಬ್ಯಾಂಕಲ್ಲದವರಿಗೆ ಅದು ಸಿಗುವುದಿಲ್ಲ. ಮೆಸೇಜಿನಲ್ಲಿ ಬಂದ ಲಿಂಕಿನಲ್ಲಿ ಬ್ಯಾಂಕಿನ ಹೆಸರು ಮುಂದೆಲ್ಲೋ ಇದ್ದು, ಕೊನೆಗೆ ಇನ್ನೇನೋ ಇದ್ದರೆ ಮುಟ್ಟಬೇಡಿ. ಮನೆಯ ಹಿರಿಯರಿಗೆ ಮಕ್ಕಳು ಇಷ್ಟನ್ನಾದರೂ ಹೇಳಿಕೊಡಿ.

ಹೋಸ್ಟಿಂಗ್ ಸರಳ. ಪುಟಗಳೂ ಚಿತ್ರಗಳೂ ಹಗಲುರಾತ್ರಿ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಅದು ಸರ್ವರ್, ಆ ಜಾಗದ ಬಾಡಿಗೆ ಹೋಸ್ಟಿಂಗ್. ಎರಡನೇ ವರ್ಷದ ಬಾಡಿಗೆ ಎಷ್ಟೆಂದು ಈಗಲೇ ಕೇಳಿ ಎಂದೆ.

ಎಸ್‌ಎಸ್‌ಎಲ್ ಎಂದರೆ ಅರಗಿನ ಮುದ್ರೆ ಹಾಕಿದ ಲಕೋಟೆ ಇದ್ದಂತೆ. ಗಿರಾಕಿಯ ಫೋನಿನಿಂದ ಸರ್ವರ್‌ವರೆಗೆ ಹೋಗುವ ಮಾತನ್ನು ದಾರಿಯಲ್ಲಿ ಯಾರೂ ಓದಲಾಗದು. ವಿಳಾಸದ ಆರಂಭದಲ್ಲಿ ‘ಎಚ್‌ಟಿಟಿಪಿ’ ಆದ ಮೇಲೆ ಒಂದು ‘ಎಸ್’ ಇರುತ್ತದಲ್ಲ, ಅದು ಇದರ ಗುರುತು. ಆದರೆ ಲಕೋಟೆ ಭದ್ರವಾಗಿದೆ ಎಂದ ಮಾತ್ರಕ್ಕೆ ಅದನ್ನು ತೆರೆಯುವವನು ಪ್ರಾಮಾಣಿಕ ಎಂದಲ್ಲ, ಮೋಸಗಾರರ ಸೈಟಿಗೂ ಈ ‘ಎಸ್’ ಇರಬಹುದು. ಇನ್ನೊಂದು ಮಾತು: ಲಾಭದ ಉದ್ದೇಶವಿಲ್ಲದ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ವ್ಯವಸ್ಥೆ 2015ರಿಂದ ಇದರ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಆ ಸಾಲಿನ ಮೊತ್ತದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ರೆಸ್ಪಾನ್ಸಿವ್ ಡಿಸೈನ್ ಎಂಬ ಮಾತನ್ನು ಅಮೆರಿಕದ ವಿನ್ಯಾಸಗಾರ ಈಥನ್ ಮಾರ್ಕಾಟ್ 2010ರಲ್ಲಿ ಬಳಕೆಗೆ ತಂದರು. ಕಂಪ್ಯೂಟರಿನ ದೊಡ್ಡ ಪರದೆಗೂ ಅಂಗೈಯ ಫೋನಿಗೂ ತಕ್ಕಂತೆ ಅದೇ ಪುಟ ತಾನೇ ಹೊಂದಿಕೊಳ್ಳುವುದು. ಆಕೆಯ ಗಿರಾಕಿಗಳೆಲ್ಲ ಫೋನಿನವರೇ, ಹಾಗಾಗಿ ಇದು ಬೇಕೇ ಬೇಕು.

ನನಗೆ ಖುಷಿ ಕೊಟ್ಟಿದ್ದು ಹಾಳೆಯಲ್ಲಿ ಇಲ್ಲದ ವಿಷಯ. ಆಕೆ ಡಿಟಿಪಿ ಅಂಗಡಿಯಲ್ಲಿ ಹಿಂದೆಯೇ ಟೈಪ್ ಮಾಡಿಸಿದ್ದ ರೊಟ್ಟಿ-ಪುಡಿಗಳ ಪಟ್ಟಿಯನ್ನು ಮಾದರಿ ಪುಟಕ್ಕೆ ಹಾಕಿದ್ದರು. ತೆರೆದು ನೋಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಕಾರಣ ಇಷ್ಟೆ: ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಒಳಗಿನ ಇಂಗ್ಲಿಷೇ ಇಣುಕುತ್ತದೆ. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು, ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ. ‘ಅ’ 3205, ‘ಕ’ 3221, ರೊಟ್ಟಿಯ ‘ರ’ 3248.

“ಇದು ಅಕೌಂಟ್ ನಂಬರು ಕಣೇ!” ಎಂದೆ. ಮೊಮ್ಮಗಳು ನಗುತ್ತಾ, ಪುಟಗಳನ್ನು ಕಟ್ಟುವ ಎಚ್‌ಟಿಎಂಎಲ್ ಎಂಬ ಗುರುತಿನ ಭಾಷೆಯಲ್ಲಿ ಒಂದು ಆ್ಯಂಪರ್ಸೆಂಡ್, ಒಂದು ಹ್ಯಾಷ್, 3221, ಸೆಮಿಕೋಲನ್ ಇಷ್ಟನ್ನು ಒತ್ತಿದಳು. ತೆರೆಯ ಮೇಲೆ ‘ಕ’ ಮೂಡಿತು. ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಎಲ್ಲಿ ಚಿತ್ರ ಎಂದು ಹೇಳುವುದು ಎಚ್‌ಟಿಎಂಎಲ್. ಬಣ್ಣ, ಗಾತ್ರ, ಅಂಚು ನೋಡಿಕೊಳ್ಳುವುದು ಸಿಎಸ್‌ಎಸ್. ಅವಳು ಅಷ್ಟೂ ಹೇಳುತ್ತಿದ್ದರೆ ನಾನಿನ್ನೂ ‘ಕ’ವನ್ನೇ ನೋಡುತ್ತಿದ್ದೆ.

ಗೋಜಲು ತಪ್ಪಿಸಲು ಪಟ್ಟಿಯ ಫೋಟೊ ಹಾಕುತ್ತೇವೆ ಎಂದರಂತೆ ಮಾಡುವವರು. ಬೇಡ ಎಂದಳು ಮೊಮ್ಮಗಳು. ಎಸ್‌ಇಒ ಎಂದರೆ ಹುಡುಕಿದವರಿಗೆ ನಮ್ಮ ಪುಟ ಬೇಗ ಸಿಗುವಂತೆ ಅಣಿಗೊಳಿಸುವುದು. ‘ದಾವಣಗೆರೆ ಖಡಕ್ ರೊಟ್ಟಿ’ ಎಂದು ಯಾರಾದರೂ ಕನ್ನಡದಲ್ಲೇ ಹುಡುಕಿದರೆ, ಫೋಟೊದೊಳಗಿನ ಬರಹಕ್ಕಿಂತ ಯೂನಿಕೋಡ್ ಅಕ್ಷರಗಳನ್ನು ಗುರುತಿಸುವುದು ಗೂಗಲ್‌ಗೆ ಸಲೀಸು. ಮೊದಲ ಸ್ಥಾನವೇ ಗ್ಯಾರಂಟಿ ಎಂದು ಎಸ್ಟಿಮೇಟಿನಲ್ಲಿತ್ತು. ಅಂಥ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ. ಆ ಸಾಲನ್ನು ಹೊಡೆದುಹಾಕಿದೆವು.

ಮರುದಿನ ಆಕೆ ಅಡ್ವಾನ್ಸ್ ಕೊಡಲಿಲ್ಲ, ಕೆಂಪು ಪೆನ್ನಿನ ಪ್ರಶ್ನೆಗಳನ್ನು ಕೊಟ್ಟು ಬಂದರು. ಈಗ ಹೊಸ ಎಸ್ಟಿಮೇಟು ಬಂದಿದೆ. ಡೊಮೈನಿನ ಮುಂದೆ ಆಕೆಯ ಹೆಸರಿದೆ, ಎಸ್‌ಎಸ್‌ಎಲ್ ಮುಂದೆ ಸೊನ್ನೆ. ಕೆಳಗೆ ‘ಆ್ಯನಿಮೇಷನ್’ ಎಂಬ ಹೊಸ ಸಾಲೊಂದು ಸೇರಿಕೊಂಡಿದೆ. ಪುಟ ತೆರೆದ ಕೂಡಲೇ ರೊಟ್ಟಿ ಗಿರಗಿರ ತಿರುಗುತ್ತದಂತೆ. ಅದು ಬೇಕೋ ಬೇಡವೋ ಕೇಳಲು ಭಾನುವಾರ ಬರುತ್ತಾರೆ.