ಲಂಡನ್ನಿನಿಂದ ಟೋಕಿಯೋಗೆ ಎಷ್ಟು ದೂರ?

ಬ್ರಿಟನ್ನಿನ ರಾಜಧಾನಿ ಲಂಡನ್. ಜಪಾನಿನ ರಾಜಧಾನಿ ಟೋಕಿಯೋ. ತರಗತಿಯ ಗೋಡೆಯಲ್ಲಿ ತೂಗುವ ಭೂಪಟದ ಮೇಲೆ ಇವೆರಡರ ನಡುವೆ ಗೆರೆಯೆಳೆದರೆ, ಅದು ಮಧ್ಯ ಏಷ್ಯಾ ಹಾಗೂ ಚೀನಾಗಳ ಮೇಲೆ ಹಾದುಹೋಗುತ್ತದೆ. ಅದೇ ಹತ್ತಿರದ ದಾರಿಯೆಂದು ನಾವು ತಿಳಿಯುತ್ತೇವೆ. ಆದರೆ ಭೂಪಟ ಚಪ್ಪಟೆ, ಭೂಮಿ ಉರುಟು.

ವಿದ್ಯಾರ್ಥಿಗಳೇ, ಶಾಲೆಯಲ್ಲಿರುವ ಭೂಮಿಯ ಗೋಲವನ್ನು ತೆಗೆದುಕೊಳ್ಳಿರಿ. ಎರಡು ನಗರಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನೂಲು ಉತ್ತರಕ್ಕೆ ಸರಿದು ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳನ್ನು ದಾಟಿ, ರಷ್ಯಾದ ಹಿಮದ ಕರಾವಳಿಯ ಬಳಿಯಿಂದ ಸೈಬೀರಿಯಾದ ಮೇಲೆ ಸಾಗಿ ಜಪಾನಿಗೆ ಇಳಿಯುತ್ತದೆ. ಇದಕ್ಕೆ ಮಹಾವೃತ್ತದ ದಾರಿಯೆಂದು ಹೆಸರು. ಗೋಲದ ಸುತ್ತಳತೆ 94 ಸೆಂ.ಮೀ. ಇದ್ದರೆ ನೂಲಿನ ಉದ್ದ ಸುಮಾರು 22.5 ಸೆಂ.ಮೀ. ಆಗುವುದು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ತ್ರೈರಾಶಿಯಿಂದ ಲೆಕ್ಕಮಾಡಿದರೆ ದೂರವು ಸುಮಾರು 9,600 ಕಿ.ಮೀ. ಎಂದು ದೊರೆಯುತ್ತದೆ. ಭೂಪಟದ ಗೆರೆಯನ್ನೇ ಹಿಡಿದು ಹೋದರೆ 1,500 ಕಿ.ಮೀ.ಗಿಂತಲೂ ಹೆಚ್ಚು ಸುತ್ತು!

ವಿಮಾನದ ವೇಗ ಗಂಟೆಗೆ ಸುಮಾರು 850 ಕಿ.ಮೀ. ಎಂದಿಟ್ಟುಕೊಂಡರೆ, ಏರುವ ಇಳಿಯುವ ಹೊತ್ತೂ ಸೇರಿ ಹನ್ನೆರಡು ಗಂಟೆ ಸಾಕು. ಆದರೆ ಈಗ ಹಲವು ವಿಮಾನಗಳಿಗೆ ಸುಮಾರು ಹದಿನಾಲ್ಕು ಗಂಟೆ ಬೇಕು. ಕಾರಣವೇನು?

ಆಕಾಶಕ್ಕೂ ಗಡಿಗಳಿವೆ. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಅಧಿಕಾರವುಂಟು. ಹಿಂದೆ ಸೋವಿಯತ್ ಒಕ್ಕೂಟವು ತನ್ನ ಆಕಾಶವನ್ನು ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಆದುದರಿಂದ 1957ರಿಂದ ಯುರೋಪಿನ ವಿಮಾನಗಳು ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು, ಎಣ್ಣೆ ತುಂಬಿಸಿಕೊಂಡು ಟೋಕಿಯೋ ಸೇರತೊಡಗಿದವು. 1991ರಲ್ಲಿ ಒಕ್ಕೂಟ ಒಡೆದ ಮೇಲೆ ಸೈಬೀರಿಯಾದ ದಾರಿ ವಿಶಾಲವಾಗಿ ತೆರೆಯಿತು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಆರಂಭವಾದಾಗ ಯುರೋಪಿನ ವಿಮಾನಗಳಿಗೆ ಆ ದಾರಿ ಮುಚ್ಚಿತು. ಜಪಾನಿನ ವಿಮಾನಗಳೂ ಅದನ್ನು ಬಿಟ್ಟವು.

ಇಲ್ಲೊಂದು ಸ್ವಾರಸ್ಯವಿದೆ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಅದರ ಸಹಾಯ ಪಡೆಯಲು ಕೆಲವು ವಿಮಾನಗಳು ಮಧ್ಯ ಏಷ್ಯಾದ ಮೇಲಿಂದ ಟೋಕಿಯೋಗೆ ಹೋಗಿ, ಮರಳುವಾಗಲೂ ಪೂರ್ವಕ್ಕೇ ಹೊರಟು, ಅಲಾಸ್ಕಾ, ಗ್ರೀನ್‌ಲೆಂಡ್‌ಗಳ ಮೇಲಿಂದ ಲಂಡನ್ ಸೇರುತ್ತವೆ. ಹೋಗಿಬಂದವನು ಭೂಮಿಗೆ ಒಂದು ಪ್ರದಕ್ಷಿಣೆ ಹಾಕಿದಂತಾಯಿತು!

ಕೊನೆಗೆ ಗಡಿಯಾರದ ಮಾತು. 15 ರೇಖಾಂಶಗಳಿಗೆ ಒಂದು ಗಂಟೆಯ ವ್ಯತ್ಯಾಸ. ಜಪಾನಿನ ಸಮಯ 135ನೆಯ ಪೂರ್ವ ರೇಖಾಂಶದ್ದು; ಆದುದರಿಂದ ಚಳಿಗಾಲದಲ್ಲಿ ಅದು ಲಂಡನ್ನಿಗಿಂತ 9 ಗಂಟೆ ಮುಂದು. ಸೋಮವಾರ ಬೆಳಿಗ್ಗೆ 10ಕ್ಕೆ ಲಂಡನ್ ಬಿಟ್ಟವನು 14 ಗಂಟೆ ಹಾರಿ ಇಳಿದಾಗ ಟೋಕಿಯೋದಲ್ಲಿ ಮಂಗಳವಾರ ಬೆಳಿಗ್ಗೆ 9. ಬೇಸಿಗೆಯಲ್ಲಿ ಬ್ರಿಟನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ 8 ಗಂಟೆ.

ನೂಲಿನಿಂದ ಅಳೆದ 9,600 ಕಿ.ಮೀ. ಎಂದೂ ಬದಲಾಗದು. ಆದರೆ ಪ್ರಯಾಣದ ಹೊತ್ತನ್ನು ನಿರ್ಧರಿಸುವುದು ಆ ದೂರವೊಂದೇ ಅಲ್ಲ, ದೇಶದೇಶಗಳ ಸ್ನೇಹವೂ ಹೌದು. ಗಡಿನಾಡಿನ ಮಕ್ಕಳಾದ ನಮಗೆ ಇದು ಬೇಗನೆ ಅರ್ಥವಾಗಬೇಕಾದ ಪಾಠ.