ಸಂಬಳ ಬಿಡದೆ ಓದುವ ಹೊತ್ತು

ಉಡುಪಿ, ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದ ಹುಡುಗನಿಗೆ ಊರವರ ಹೋಟೆಲಿನಲ್ಲಿ ಬೇಗನೆ ಕೆಲಸ ಸಿಗುತ್ತಿತ್ತು. ಊಟ, ಮಲಗಲು ಜಾಗ, ಮನೆಗೆ ಕಳಿಸಲು ಒಂದಿಷ್ಟು ದುಡ್ಡು. ಹಗಲಿನ ಶಾಲೆಗೆ ಹೋದರೆ ಇವಿಷ್ಟೂ ತಪ್ಪುತ್ತಿತ್ತು. ಬಡವರ ಓದಿಗೆ ತಗಲುವ ದೊಡ್ಡ ಖರ್ಚು ಫೀಸಲ್ಲ, ಓದುವ ವರ್ಷಗಳಲ್ಲಿ ಕೈತಪ್ಪುವ ಸಂಬಳ. ಥಿಯೋಡರ್ ಶುಲ್ಟ್ಸ್, ಗ್ಯಾರಿ ಬೆಕರ್ ಮುಂತಾದ ಅರ್ಥಶಾಸ್ತ್ರಜ್ಞರು ಶಿಕ್ಷಣದ ಲೆಕ್ಕಕ್ಕೆ ಸೇರಿಸಿದ ಮುಖ್ಯ ಬಾಬು ಇದು.

ಓದು ಬಿಟ್ಟರೆ ಕಳೆದುಕೊಳ್ಳುವುದೂ ಸಣ್ಣದಲ್ಲ. ಓದಿನ ಪ್ರತಿ ವರ್ಷವೂ ಗಳಿಕೆಯನ್ನು ಇಂತಿಷ್ಟು ಶೇಕಡಾ ಏರಿಸುತ್ತದೆ ಎಂಬ ಸೂತ್ರವನ್ನು ಅರ್ಥಶಾಸ್ತ್ರಜ್ಞ ಜೇಕಬ್ ಮಿನ್ಸರ್ 1974ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅದು ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಏರಿಕೆ ಶೇ. 10 ಎಂದು ಹಿಡಿದರೆ, ಹತ್ತು ವರ್ಷ ಹೆಚ್ಚು ಓದಿದವನ ಸಂಬಳ ಓದದವನ ಎರಡೂವರೆ ಪಟ್ಟು ದಾಟುತ್ತದೆ.

ಸಂಬಳವನ್ನೂ ಓದನ್ನೂ ಉಳಿಸಿಕೊಳ್ಳಲು ಮುಂಬಯಿ ಕನ್ನಡಿಗರು ಕಂಡುಕೊಂಡ ದಾರಿ ರಾತ್ರಿ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮುಂತಾದ ಸಂಘಗಳು ಅವನ್ನು ನಡೆಸಿದವು. ಹಗಲು ಚಿಕ್ಕ ಮಕ್ಕಳು ಕೂರುವ ಬೆಂಚಿನಲ್ಲಿ ರಾತ್ರಿ ಮೊಣಕಾಲು ಮಡಚಿ ಕೂತ ಕ್ಲೀನರ್, ಸಪ್ಲೈಯರ್ ಹುಡುಗರು, ಬೆಳಗಿನ ಜಾವದಿಂದ ದುಡಿದ ಕಣ್ಣುಗಳು. ಹೋಟೆಲಿಗೆ ಗಿರಾಕಿ ಹೆಚ್ಚುವುದೂ ಸಂಜೆಯೇ. ಹಾಗಾಗಿ ಧಣಿ ಆ ಹೊತ್ತಿಗೆ ಬಿಟ್ಟರೆ ಮಾತ್ರ ಓದು. ಹುಡುಗನ ಬುದ್ಧಿಯಷ್ಟೇ ಧಣಿಯ ಮನಸ್ಸೂ ಅವನ ಮುಂದಿನ ಸಂಬಳವನ್ನು ನಿರ್ಧರಿಸುತ್ತಿತ್ತು. ಈ ಅನ್ಯಾಯವನ್ನು ನಾವು ಬಹಳ ಕಾಲ ಅದೃಷ್ಟವೆಂದು ಕರೆದೆವು.

ಕೆಲಸ ಕೊಡಿಸುವ ನಂಟೇ ಕಟ್ಟಿಯೂ ಹಾಕುತ್ತದೆ. ಅರ್ಥಶಾಸ್ತ್ರಜ್ಞರಾದ ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್ಜ್‌ವೈಗ್ ಮುಂಬಯಿಯ ದಾದರ್ ಭಾಗದ ಶಾಲೆಗಳ ಇಪ್ಪತ್ತು ವರ್ಷಗಳ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ತೋರಿಸಿತು. 1990ರ ದಶಕದಲ್ಲಿ ಇಂಗ್ಲಿಷ್ ಕಲಿತವರ ಗಳಿಕೆ ಏರಿತು. ಆದರೂ ಕೆಳಜಾತಿಗಳ ಎಷ್ಟೋ ಹುಡುಗರು ಮರಾಠಿ ಮಾಧ್ಯಮದಲ್ಲೇ ಓದಿ, ಜಾತಿಯ ನಂಟಿನಿಂದ ಸಿಗುವ ಹಳೆಯ ಕೆಲಸಗಳತ್ತ ನಡೆದರು. ಅಂಥ ನಂಟಿನ ಲಾಭ ಮೊದಲಿನಿಂದಲೂ ಸಿಗದ ಅದೇ ಜಾತಿಗಳ ಹುಡುಗಿಯರು ಬೇಗ ಇಂಗ್ಲಿಷ್ ಶಾಲೆಗಳಿಗೆ ಹೊರಳಿದರು. ಕೆಲಸದ ಭರವಸೆ ಇದ್ದವರೇ ಹಿಂದೆ ಉಳಿದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಬೇಗ ಸಿಗುವ ಕೆಲಸ ಓದನ್ನು ತಡೆಯುವ ಈ ಜಾಗದಲ್ಲೇ ಸರ್ಕಾರದ ನೀತಿಯೂ ಎಡವುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗಷ್ಟೇ ಉಚಿತ ಶಿಕ್ಷಣದ ಖಾತರಿ ಕೊಡುತ್ತದೆ. 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾನೂನು 14 ದಾಟಿದವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಸೇರಿಸಿಕೊಳ್ಳಲು ಬಿಡುತ್ತದೆ. ಓದಿನ ಹಕ್ಕು ಮುಗಿಯುವ ವಯಸ್ಸಿಗೇ ದುಡಿಮೆಯ ಬಾಗಿಲು ತೆರೆಯುತ್ತದೆ. ಮುಂಬಯಿ ಮಹಾನಗರ ಪಾಲಿಕೆ ಕನ್ನಡ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತಿದೆ ನಿಜ. ಆದರೆ ಹದಿನೈದರ ಹುಡುಗನಿಗೆ ಬರೀ ಶಾಲೆ ಸಾಲದು. ಹತ್ತನೆಯ ತರಗತಿ ಮುಗಿಯುವ ತನಕ ಅವನ ಮನೆಗೆ ತಪ್ಪುವ ಸಂಬಳದ ಒಂದು ಪಾಲು ವಿದ್ಯಾರ್ಥಿವೇತನವಾಗಿ ಸೇರಬೇಕು, ರಾತ್ರಿ ಶಾಲೆಯಲ್ಲಿ ಊಟ ಸಿಗಬೇಕು, ಸಂಜೆ ಆರಕ್ಕೆ ಕೆಲಸ ಬಿಡಿಸುವ ನಿಯಮ ಧಣಿಯ ಮೇಲೆ ಇರಬೇಕು.