ಅಂಟು ಹಿಡಿಯದ ಪೈನ್

ಅಂಟಿನ ಬಲ ನೋಡಲು ನೀರಲ್ಲಿ ಕುದಿಸಿ ತೆಗೆದ ಪ್ಲೈವುಡ್ ಚೂರನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದರೆ, ಅದು ಟಪ್ಪೆಂದು ಬಿಟ್ಟುಕೊಳ್ಳುತ್ತಿತ್ತು. ಬಿಟ್ಟ ಮೈಮೇಲೆ ಮರದ ನಾರು ಕಿತ್ತು ಬಂದಿದ್ದರೆ ಗೆದ್ದ ಹಾಗೆ: ಹರಿದದ್ದು ಮರ, ಅಂಟಲ್ಲ. ಅಮೆರಿಕದ ದಕ್ಷಿಣ ಸೀಮೆಯ ಪೈನ್ ಮರದಲ್ಲಿ ಮಾತ್ರ ಮತ್ತೆ ಮತ್ತೆ ಕಂಡದ್ದು ನಾರಲ್ಲ, ನುಣ್ಣಗೆ ಹೊಳೆಯುವ ಕಂದು ಪಟ್ಟೆ.

ಪಶ್ಚಿಮ ಕರಾವಳಿಯಲ್ಲಿ ಈ ತಾಪತ್ರಯ ಇರಲಿಲ್ಲ. ಅಲ್ಲಿ ಡಗ್ಲಸ್ ಫರ್ ಮರದ ಭಾರಿ ದಿಮ್ಮಿಗಳಿದ್ದವು. 1905ರಲ್ಲಿ ಪೋರ್ಟ್‌ಲ್ಯಾಂಡಿನ ಪ್ರದರ್ಶನದಲ್ಲಿ ಜನ ಅದರ ಪ್ಲೈವುಡ್ ನೋಡಿದ್ದರು. 1934ರಲ್ಲಿ ಜೇಮ್ಸ್ ನೆವಿನ್ ಎಂಬಾತ ನೀರಿಗೆ ಜಗ್ಗದ ಅಂಟನ್ನೂ ಕಂಡುಹಿಡಿದಿದ್ದ. ದಕ್ಷಿಣದಲ್ಲಿ ಹಳೆಯ ಕಾಡು ಆಗಲೇ ಕೊಡಲಿಗೆ ಬಲಿಯಾಗಿತ್ತು. ಉಳಿದದ್ದು ಅದರ ಜಾಗದಲ್ಲಿ ಎದ್ದ ಎಳೆಯ ಪೈನ್: ಸಪೂರ, ಗಂಟುಗಂಟು, ಮೈತುಂಬ ರಾಳ. ಇದರಿಂದ ಪ್ಲೈವುಡ್ಡೇ? ಆಗದ ಮಾತು ಎಂದವರೇ ಹೆಚ್ಚು.

ಮೊದಲ ಸೋಲು ಲೇತಿನಲ್ಲಿ. ದಿಮ್ಮಿ ತಿರುಗುತ್ತ ಉದ್ದನೆಯ ಅಲಗಿಗೆ ತಾಗಿದರೆ, ಬಟ್ಟೆಯ ಥಾನು ಬಿಚ್ಚಿದಂತೆ ತೆಳು ಹಾಳೆ ಇಳಿಯಬೇಕು. ಎಳೆಯ ದಿಮ್ಮಿ ಸವೆದಂತೆಲ್ಲ ನಡುವೆ ಬಾಗುತ್ತಿತ್ತು. ಇಲ್ಲವೆ ತುದಿ ಹಿಡಿದ ಕಬ್ಬಿಣದ ಹಲ್ಲುಗಳಿಂದ ಕಳಚಿಕೊಳ್ಳುತ್ತಿತ್ತು. ದಿಮ್ಮಿಯನ್ನು ಹಬೆಯಲ್ಲಿ ಬೇಯಿಸಿ ಗಂಟುಗಳನ್ನು ಮೆತ್ತಗೆ ಮಾಡಿದರು. ಬೆನ್ನಿಗೆ ಆಸರೆಯ ಉರುಳೆ ಕೊಟ್ಟರು. ಒಂದು ಹಿಡಿತದೊಳಗೆ ಇನ್ನೊಂದು ಹಿಡಿತ ಕೂರಿಸಿದರು: ದಿಮ್ಮಿ ಸಣ್ಣದಾದಾಗ ದೊಡ್ಡದು ಹಿಂದೆ ಸರಿಯುತ್ತಿತ್ತು, ಚಿಕ್ಕದು ಬಿಡದೆ ತಿರುಗಿಸುತ್ತಿತ್ತು. ಎಷ್ಟು ಚೆಂದದ ಉಪಾಯ!

ಹಾಳೆಯೇನೋ ಬಂತು, ಅಂಟು ಕೂರಲಿಲ್ಲ. ಒಣಗಿಸುವ ಬಿಸಿ ಹೆಚ್ಚಾದರೆ ಹಾಳೆಯ ಮೈ ಅಂಟನ್ನು ಒಲ್ಲೆನ್ನುತ್ತಿತ್ತು. ಹಸಿ ಉಳಿದರೆ ಬಿಸಿ ಒತ್ತುಯಂತ್ರದೊಳಗೆ ಹಬೆ ಎದ್ದು ಪದರಗಳು ಉಬ್ಬಿ ಸಿಡಿಯುತ್ತಿದ್ದವು. ಅಂಟಿನ ರಾಳ, ಹಿಟ್ಟು, ನೀರು ಎಲ್ಲದರ ಪಾಕ ಬದಲಿಸಿ, ಬಳಿಯುವ ಪ್ರಮಾಣ ಬದಲಿಸಿ, ಒತ್ತುವ ಹೊತ್ತು ಬದಲಿಸಿ, ಮತ್ತೆ ಚೂರುಗಳನ್ನು ಕುದಿಸಿ ಎಳೆದರು. ನಿಧಾನವಾಗಿ ಆ ಹೊಳಪಿನ ನಡುವೆ ನಾರು ಕಾಣಿಸಿಕೊಂಡಿತು.

1964ರ ಹೊತ್ತಿಗೆ ಅರ್ಕನ್ಸಾದ ಫೋರ್ಡೈಸಿನಲ್ಲಿ ಜಾರ್ಜಿಯಾ-ಪೆಸಿಫಿಕ್ ಕಂಪನಿಯ ಕಾರ್ಖಾನೆ ದಕ್ಷಿಣದ ಪೈನ್ ಪ್ಲೈವುಡ್ಡನ್ನು ಹೊರತಂದಿತು. ಲೂಯಿಸಿಯಾನದಲ್ಲಿ ಅರಣ್ಯ ಇಲಾಖೆಯ ಪೀಟರ್ ಕೋಚ್ ಇದೇ ಮರದ ಗುಣಾವಗುಣಗಳನ್ನು ವರ್ಷಗಟ್ಟಲೆ ಅಳೆದು, 1972ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಬರೆದಿಟ್ಟ.

ಅಂಟು ಹಿಡಿಯದ ಗುಟ್ಟು ಇದ್ದದ್ದು ಮರದ ವರ್ಷದ ಬಳೆಗಳಲ್ಲಿ. ವಸಂತದಲ್ಲಿ ಬೆಳೆದ ತಿಳಿ ಪಟ್ಟೆ ಅಂಟನ್ನು ಗಟಗಟ ಹೀರುತ್ತಿತ್ತು. ಬೇಸಗೆ ಕಳೆಯುವಾಗ ಬೆಳೆದ ಕಂದು ಪಟ್ಟೆ ಗಟ್ಟಿಯಾಗಿದ್ದು, ಅದನ್ನು ಒಳಗೇ ಬಿಡುತ್ತಿರಲಿಲ್ಲ. ಒಂದೇ ಹಾಳೆಯ ಮೇಲೆ, ಕೂದಲೆಳೆ ಅಂತರದಲ್ಲಿ, ಎರಡು ಬೇರೆ ಮರಗಳಿಗೆ ಒಂದೇ ಅಂಟು ಒಗ್ಗಬೇಕಿತ್ತು.